ಹೆರಿಗೆಯ ಲೆಕ್ಕ ತಾಳೆ ಹಾಕುವುದು

2020ರ ಆಗಸ್ಟ್. ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ. ಅರಸೀಕೆರೆಯ ಒಂದು ಸಹಕಾರ ಸಂಘದಲ್ಲಿ ನಾನು ಲೆಕ್ಕ ಬರೆಯುವವಳು. ಕೊರೊನಾ ಕಾಲ ನೋಡಿ, ಅಟೆಂಡರ್ ಸ್ಯಾನಿಟೈಸರ್ ಹಿಡಿದು ಬಾಗಿಲಲ್ಲೇ ನಿಂತಿದ್ದ. ಅಂಗೈಗೆ ನಾಲ್ಕು ಹನಿ ಬಿಟ್ಟ. ಆ ಸ್ಪಿರಿಟ್ ವಾಸನೆ ಮೂಗಿಗೆ ಹೊಡೆದದ್ದೇ ತಡ, ಕಾಲು ಥರಥರ ನಡುಗಿತು. ಬೆನ್ನಿಗೆ ಯಾರೋ ತಣ್ಣನೆಯ ಒದ್ದೆ ಹತ್ತಿ ಸವರಿದ ಹಾಗಾಯಿತು. ಕಣ್ಣೆದುರು ಆಪರೇಷನ್ ಥಿಯೇಟರಿನ ದೊಡ್ಡ ದೀಪ. "ಬಿಸಿಲಿಗೆ ತಲೆ ತಿರುಗಿತೇನೋ ಮೇಡಂ" ಎಂದು ಅಟೆಂಡರ್ ಕುರ್ಚಿ ಕೊಟ್ಟ. ಹೊರಗೆ ಸೋನೆ ಮಳೆ ಹಿಡಿದಿತ್ತು.

ಆಗ ಮಗಳಿಗೆ ಆರು ತಿಂಗಳು. ಗುಂಡಗೆ, ಲವಲವಿಕೆಯಿಂದ ಇದ್ದಳು. ನನ್ನ ಹೊಲಿಗೆ ಮಾಗಿತ್ತು. ಮನೆಯವರ ಪಾಲಿಗೆ ಹೆರಿಗೆ ಮುಗಿದ ಸಂಗತಿ. ನನಗೆ ಮಾತ್ರ ರಾತ್ರಿ ಮೂರಕ್ಕೋ ನಾಲ್ಕಕ್ಕೋ ಎಚ್ಚರ ಆಗುತ್ತಿತ್ತು. ಆ ಆಸ್ಪತ್ರೆಯ ರಸ್ತೆ ತಪ್ಪಿಸಲು ಆಟೋದವನಿಗೆ ಸುತ್ತು ಹಾಕಿಸುತ್ತಿದ್ದೆ.

ಹೋದ ತಿಂಗಳು ತಂಗಿಯ ವಾರಗಿತ್ತಿ ಫೋನ್ ಮಾಡಿದ್ದಳು. ಅವಳಿಗೂ ಹೆರಿಗೆಯಲ್ಲಿ ಏನೇನೋ ಆಗಿದೆ. "ಅಕ್ಕಾ, ನಾನು ಹುಚ್ಚಿ ಆಗ್ತಿದೀನಾ?" ಎಂದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಲೆಕ್ಕದವಳು. ಪುಸ್ತಕದ ಬಾಕಿಗೂ ಬ್ಯಾಂಕಿನ ಬಾಕಿಗೂ ಹೊಂದಿಕೆ ಆಗದಿದ್ದರೆ ಕೂತು ಒಂದೊಂದೇ ಸಾಲು ತಾಳೆ ನೋಡುವುದು ನನ್ನ ಕಸುಬು. ಕೊನೆಗೆ ಹೆರಿಗೆಯನ್ನೂ ಹಾಗೇ ನೋಡಿದೆ.

ಮೊದಲು ನನಗೆ ಏನಾಯಿತು ಅಂತ ಚಿಕ್ಕದಾಗಿ. 2020ರ ಫೆಬ್ರವರಿ 17ರ ಮಧ್ಯಾಹ್ನ ನೀರು ಹೋಯಿತು. ನೋವು ಬರಿಸಲು ಡ್ರಿಪ್ ಹಾಕಿದರು. ಬೆಳಗಿನ ಜಾವ ಮಗುವಿನ ಎದೆಬಡಿತ ಇಳಿಯತೊಡಗಿತು. ಓಡಾಟ, ಸಹಿ, ಬೆನ್ನಿಗೆ ಇಂಜೆಕ್ಷನ್, ಸಿಸೇರಿಯನ್. ಮಗು ಅಳಲಿಲ್ಲ. ಆಮೇಲೆ ನನಗೆ ರಕ್ತ ನಿಲ್ಲಲಿಲ್ಲ. ಮಗಳು ಐದು ದಿನ ಎನ್‌ಐಸಿಯುದಲ್ಲಿ, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕದಲ್ಲಿ ಇದ್ದಳು. ನಾನು ಮೂರನೇ ದಿನ ಗಾಲಿಕುರ್ಚಿಯಲ್ಲಿ ಹೋಗಿ ಗಾಜಿನ ಆಚೆಯಿಂದ ಅವಳನ್ನು ನೋಡಿದೆ. ಅದೇ ಮೊದಲ ಸಲ ನೋಡಿದ್ದು ಅಂತ ಎಂಟು ತಿಂಗಳು ನಂಬಿದ್ದೆ.

ಬಾಣಂತನಕ್ಕೆ ಚನ್ನರಾಯಪಟ್ಟಣದ ಹತ್ತಿರದ ತವರಿಗೆ ಹೋದೆ. ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಬಂತು. ನಮ್ಮನೆಯವರು ಅರಸೀಕೆರೆಯಲ್ಲೇ ಉಳಿದರು. ಮೇ ತನಕ ವಿಡಿಯೋ ಕಾಲ್‌ನಲ್ಲಿ ಮಗುವಿನ ಮುಖ ತೋರಿಸಿದ್ದೇ ಆಯಿತು. ಇಬ್ಬರೂ ಆ ರಾತ್ರಿಯ ಸುದ್ದಿ ಎತ್ತಲಿಲ್ಲ. ನಲವತ್ತೆರಡನೇ ದಿನ ಆಶಾ ಅಕ್ಕ ಮಾಸ್ಕ್ ಹಾಕಿಕೊಂಡು ಬಂದು ಮಗುವಿನ ತೂಕ ನೋಡಿದರು. "ನಿಂಗೆ ನಿದ್ದೆ ಬರುತ್ತೇನವ್ವ?" ಅಂತ ಕೇಳಿದ್ದು ಅವರೊಬ್ಬರೇ. ಬರುತ್ತೆ ಅಂದುಬಿಟ್ಟೆ. ನೀವು ಹಾಗೆ ಮಾಡಬೇಡಿ.

ಮೊದಲು ಗೆರೆ ಎಳೆದುಕೊಳ್ಳಿ: ಯಾವುದಕ್ಕೆ ಕಾಯಬಾರದು

ನಮ್ಮ ಕಡೆ ಎಲ್ಲದಕ್ಕೂ ಒಂದೇ ಹೆಸರು, ಬಾಣಂತಿ ಸನ್ನಿ. ಅದರಿಂದ ತುಂಬಾ ತೊಂದರೆ ಆಗುತ್ತದೆ. ಬೇರೆ ಬೇರೆ ಕಾಯಿಲೆಗಳನ್ನು ಒಂದೇ ಗೋಣಿಗೆ ತುಂಬಿದ ಹಾಗೆ.

ಹೆರಿಗೆಯಾದ ಮೊದಲ ಒಂದೆರಡು ವಾರ ಸುಮ್ಮಸುಮ್ಮನೆ ಅಳು ಬರುವುದು ಬಹಳ ಜನಕ್ಕೆ ಆಗುತ್ತದೆ, ತಾನಾಗಿಯೇ ಹೋಗುತ್ತದೆ. ಎರಡು ವಾರ ದಾಟಿಯೂ ಮನಸ್ಸು ಮಂಕಾಗಿದ್ದರೆ, ಮಗು ಮಲಗಿದರೂ ನಿದ್ದೆ ಬರದಿದ್ದರೆ, ಯಾವುದರಲ್ಲೂ ಆಸೆ ಇಲ್ಲದಿದ್ದರೆ ಅದು ಖಿನ್ನತೆ ಇರಬಹುದು. ನನ್ನ ಹಾಗೆ ವಾಸನೆಗೋ ಸದ್ದಿಗೋ ಆ ರಾತ್ರಿ ಇಡಿಯಾಗಿ ವಾಪಸ್ ಬರುವುದು, ಕೆಟ್ಟ ಕನಸು, ಆಸ್ಪತ್ರೆಯ ದಾರಿಯನ್ನೇ ತಪ್ಪಿಸುವುದು, ಸಣ್ಣದಕ್ಕೂ ಬೆಚ್ಚುವುದು ತಿಂಗಳು ಕಳೆದರೂ ನಿಲ್ಲದಿದ್ದರೆ ಅದು ಆಘಾತದ್ದು. ಎರಡೂ ಒಟ್ಟಿಗೆ ಇರಬಹುದು. ಎರಡಕ್ಕೂ ಚಿಕಿತ್ಸೆ ಇದೆ.

ಇನ್ನೊಂದಕ್ಕೆ ಮಾತ್ರ ಒಂದು ದಿನವೂ ಕಾಯಬೇಡಿ. ದಿನಗಟ್ಟಲೆ ನಿದ್ದೆ ಇಲ್ಲದೆ ಬಾಣಂತಿ ವಿಪರೀತ ಮಾತಾಡುತ್ತಿದ್ದರೆ, ಇಲ್ಲದ ದನಿ ಕೇಳಿಸುತ್ತಿದೆ ಎಂದರೆ, ಈ ಮಗು ನನ್ನದಲ್ಲ, ಯಾರೋ ಬದಲಾಯಿಸಿದ್ದಾರೆ ಎಂದರೆ, ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಮಾತಾಡಿದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿಯ ತನಕ ಅವಳನ್ನೂ ಮಗುವನ್ನೂ ಒಂಟಿಯಾಗಿ ಬಿಡಬೇಡಿ. ಯಂತ್ರ ಕಟ್ಟಿಸುವುದಿದ್ದರೆ ಆಮೇಲೆ ಕಟ್ಟಿಸಿಕೊಳ್ಳಿ.

ಈ ಬರಹದ ಉಳಿದ ಭಾಗ ಅಂಥ ತುರ್ತು ಇಲ್ಲದವರಿಗೆ.

ನಿಮ್ಮ ಪುಸ್ತಕ

ಮೊದಲು ನಿಮಗೆ ನೆನಪಿರುವುದನ್ನು ಬರೆಯಿರಿ. ಹೆರಿಗೆಯಾದ ಎರಡನೇ ದಿನಕ್ಕೇ ಬರೆಯಲು ಕೂರಬೇಡಿ. ಮನೆಯವರೂ "ಏನಾಯ್ತು ಹೇಳು, ಹೇಳಿದ್ರೆ ಹಗುರ ಆಗುತ್ತೆ" ಅಂತ ಒತ್ತಾಯ ಮಾಡಬಾರದು. ಹಸಿ ಗಾಯ ಕೆದಕಿದ ಹಾಗೆ ಆಗುತ್ತದೆ. ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ, ಅಷ್ಟು ಸಾಕು. ನಾನು ಬರೆದದ್ದು ಎಂಟನೇ ತಿಂಗಳಲ್ಲಿ.

ನಾನು ಇಟ್ಟುಕೊಂಡ ಕ್ರಮ ಇದು. ಹಗಲು ಹೊತ್ತು, ಮನೆಯಲ್ಲಿ ಇನ್ನೊಬ್ಬರು ಇರುವಾಗ, ಹದಿನೈದು ನಿಮಿಷ. ಗಡಿಯಾರ ನೋಡಿ ಎದ್ದುಬಿಡುವುದು. ಎದ್ದ ಮೇಲೆ ಕೈಗೆ ಕೆಲಸ ಇರಬೇಕು. ನಾನು ಅವರೆಕಾಯಿ ಸುಲಿಯುತ್ತಿದ್ದೆ. ರಾತ್ರಿ ಬರೆಯಬೇಡಿ. ಒಂದು ರಾತ್ರಿ ಬರೆದು ಬೆಳಗಿನ ತನಕ ಕೂತಿದ್ದೆ.

ಶುರುವಿನಿಂದ ಬರೆಯಲು ಹೋಗಬೇಡಿ. ನಿಚ್ಚಳವಾಗಿ ನೆನಪಿರುವ ಒಂದು ಚೂರಿನಿಂದ ಹೊರಡಿ. ನನಗೆ ನೆನಪಿದ್ದದ್ದು ಸೀಲಿಂಗಿನ ಒಂದು ಕಂದು ಕಲೆ. ಅದರ ಆಕಾರ ತೆಂಗಿನ ಚಿಪ್ಪಿನ ಹಾಗಿತ್ತು. ಅಲ್ಲಿಂದ ಹಿಂದೆ ಮುಂದೆ ಹೋದೆ. ನೆನಪಿಲ್ಲದ ಕಡೆ ಜಾಗ ಖಾಲಿ ಬಿಟ್ಟೆ. ಲೆಕ್ಕದ ಪುಸ್ತಕದಲ್ಲಿ ಖಾಲಿ ಸಾಲು ಬಿಡುವುದು ತಪ್ಪು. ಇಲ್ಲಿ ಪರವಾಗಿಲ್ಲ.

ಪುಟದ ಎಡಕ್ಕೆ ಏನಾಯಿತು ಅಂತ, ಬಲಕ್ಕೆ ನನಗೆ ಏನನ್ನಿಸಿತು ಅಂತ ಬರೆದೆ. "ಮೇಜಿನ ಮೇಲೆ ಎರಡು ಗಂಟೆ ಒಬ್ಬಳೇ ಇದ್ದೆ" ಎಂಬುದನ್ನು ಎಡಕ್ಕೆ ಬರೆದಿದ್ದೆ. ಅದು ಬಲಕ್ಕೆ ಹೋಗಬೇಕಿತ್ತು ಅಂತ ಆಮೇಲೆ ಗೊತ್ತಾಯಿತು.

ಇದಲ್ಲದೆ ಬೇರೆ ಒಂದು ಪುಟ ಇಡಿ. ತಪ್ಪು ಯಾರದು ಅಂತ ನಿಮ್ಮ ಮನಸ್ಸು ಹೇಳುತ್ತದೋ ಅದನ್ನೆಲ್ಲ ಅಲ್ಲಿ ಬರೆಯಿರಿ, ನಗು ಬಂದರೂ ಸರಿ. ನನ್ನ ಪುಟದಲ್ಲಿ ಏಳು ಸಾಲು ಇದ್ದವು. ಮೊದಲನೆಯದು ಗ್ರಹಣ. 2019ರ ಡಿಸೆಂಬರ್ 26ರ ಬೆಳಿಗ್ಗೆ ಕಂಕಣ ಸೂರ್ಯಗ್ರಹಣ. ನನಗೆ ಎಂಟನೇ ತಿಂಗಳು ನಡೆಯುತ್ತಿತ್ತು. ಅತ್ತೆ ಹೊರಗೆ ಹೋಗಬೇಡ ಅಂದಿದ್ದರು. ತಿಂಗಳ ಕೊನೆ, ಲೆಕ್ಕ ಇತ್ತು, ಹೋದೆ. ಬಿ.ಕಾಂ. ಓದಿದವಳು ನಾನು. ಆದರೂ ಮಗು ಅಳದೇ ಇದ್ದ ಆ ಹೊತ್ತಿನಲ್ಲಿ ಮೊದಲು ನೆನಪಾದದ್ದು ಆ ದಿನ ಬಸ್ ಸ್ಟ್ಯಾಂಡಿನಲ್ಲಿ ನಿಂತದ್ದು. ಎರಡನೆಯದು, ನಾನು ಸರಿಯಾಗಿ ಮುಕ್ಕಲಿಲ್ಲ. ಈ ಪುಟವನ್ನು ಡಾಕ್ಟರ ಹತ್ತಿರ ಹೋಗುವಾಗ ತಗೊಂಡು ಹೋಗಬೇಕು.

ಆಸ್ಪತ್ರೆಯ ಪುಸ್ತಕ

ಡಿಸ್ಚಾರ್ಜ್ ಆಗುವಾಗ ಕೊಡುವ ಸಮ್ಮರಿ ಒಂದೆರಡು ಪುಟ ಇರುತ್ತದೆ. ಅದರಲ್ಲಿ ಆ ರಾತ್ರಿ ಇರುವುದಿಲ್ಲ. ನಿಮಗೆ ಬೇಕಾದದ್ದು ಪೂರ್ತಿ ಕೇಸ್ ಶೀಟ್. ಅದರಲ್ಲಿ ಡಾಕ್ಟರ ಟಿಪ್ಪಣಿ, ನರ್ಸ್‌ಗಳ ಚಾರ್ಟ್, ಮಗುವಿನ ಎದೆಬಡಿತದ ಗ್ರಾಫ್, ಆಪರೇಷನ್ ನೋಟ್, ಅರಿವಳಿಕೆಯ ಹಾಳೆ, ಒಪ್ಪಿಗೆ ಪತ್ರ, ರಕ್ತ ಕೊಟ್ಟ ವಿವರ ಎಲ್ಲ ಇರುತ್ತದೆ.

ಇದನ್ನು ಕೇಳುವುದು ನಿಮ್ಮ ಹಕ್ಕು. 2002ರ ಭಾರತೀಯ ವೈದ್ಯಕೀಯ ಪರಿಷತ್ತಿನ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟಿರಬೇಕು. ರೋಗಿಯೇ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಹಾಗಾಗಿ ಮೂರು ವರ್ಷ ಕಳೆಯುವ ಮೊದಲೇ ಕೇಳಿ. ಸರ್ಕಾರಿ ಆಸ್ಪತ್ರೆ ಕೊಡದೇ ಸತಾಯಿಸಿದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು, ಅದಕ್ಕೆ 30 ದಿನದ ಗಡುವು.

ಬಾಯಲ್ಲಿ ಕೇಳಿದರೆ "ನಾಳೆ ಬನ್ನಿ" ಅನ್ನುತ್ತಾರೆ. ನನಗೂ ಎರಡು ಸಲ ಅಂದರು. ಮೂರನೇ ಸಲ ಬರೆದುಕೊಂಡು ಹೋದೆ. ಹೆಚ್ಚೇನೂ ಇಲ್ಲ, ಇಷ್ಟೇ:

"ನಾನು ಇಂಥ ದಿನದಿಂದ ಇಂಥ ದಿನದವರೆಗೆ ನಿಮ್ಮಲ್ಲಿ ಹೆರಿಗೆಗಾಗಿ ದಾಖಲಾಗಿದ್ದೆ. ಒಳರೋಗಿ ಸಂಖ್ಯೆ ಇಷ್ಟು. ನನ್ನ ಮತ್ತು ನನ್ನ ಮಗುವಿನ ಪೂರ್ತಿ ಕೇಸ್ ಶೀಟಿನ ಪ್ರತಿಯನ್ನು, ಆಪರೇಷನ್ ನೋಟ್, ನರ್ಸಿಂಗ್ ಚಾರ್ಟ್, ಎನ್‌ಐಸಿಯು ದಾಖಲೆ ಸೇರಿ, ದಯವಿಟ್ಟು ಕೊಡಿ. ಮುಂದಿನ ಚಿಕಿತ್ಸೆಗೂ ನನ್ನ ತಿಳುವಳಿಕೆಗೂ ಬೇಕಾಗಿದೆ. ಜೆರಾಕ್ಸ್ ಖರ್ಚು ಕೊಡುತ್ತೇನೆ."

ಎರಡು ಪ್ರತಿ ಮಾಡಿ. ಒಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳಿ. ಗುರುತಿನ ಚೀಟಿ ಇರಲಿ. ದೊಡ್ಡ ಆಸ್ಪತ್ರೆಯಲ್ಲಿ ಇದಕ್ಕೆ ಎಂಆರ್‌ಡಿ ಅಂತ ಬೇರೆ ವಿಭಾಗವೇ ಇರುತ್ತದೆ, ಚಿಕ್ಕದರಲ್ಲಿ ರಿಸೆಪ್ಷನ್. "ಕೇಸ್ ಹಾಕ್ತೀರಾ?" ಅಂತ ಕೇಳಬಹುದು. ಕೇಳಿದರು. "ಇಲ್ಲಣ್ಣ, ನನಗೆ ಏನಾಯ್ತು ಅಂತ ನನಗೇ ಗೊತ್ತಿಲ್ಲ, ಅದಕ್ಕೆ" ಅಂದೆ. ಆ ಹುಡುಗ ಒಂದು ಕ್ಷಣ ನನ್ನ ಮುಖ ನೋಡಿ ಒಳಗೆ ಹೋದ. ನಲವತ್ತಮೂರು ಹಾಳೆ ಕೊಟ್ಟ.

ಅದನ್ನು ಬಸ್ಸಲ್ಲಿ ಕೂತು ಓದಬೇಡಿ. ಒಬ್ಬರೇ ಓದಬೇಡಿ. ನಾನು ಎರಡೂ ಮಾಡಿದೆ.

ಓದುವಾಗ ಕೆಲವು ಮಾತು ಚುಚ್ಚುತ್ತವೆ. "ಫೇಲ್ಯೂರ್ ಟು ಪ್ರೋಗ್ರೆಸ್" ಎಂದು ನನ್ನ ಹೆಸರಿನ ಮುಂದೆ ಬರೆದಿತ್ತು. ಫೇಲಾದೆ ಅಂತಲೇ ಓದಿಕೊಂಡೆ. ಗರ್ಭಕೋಶದ ಬಾಯಿ ಇಷ್ಟು ಹೊತ್ತಾದರೂ ಮುಂದಕ್ಕೆ ತೆರೆಯಲಿಲ್ಲ ಎನ್ನುವುದಕ್ಕೆ ಡಾಕ್ಟರರು ಹಾಗೆ ಬರೆಯುತ್ತಾರೆ. ಯಾರ ಸೋಲಿನ ಸುದ್ದಿಯೂ ಅದರಲ್ಲಿ ಇಲ್ಲ. ಎಲ್‌ಎಸ್‌ಸಿಎಸ್ ಅಂದರೆ ಗರ್ಭಕೋಶದ ಕೆಳಭಾಗದಲ್ಲಿ ಕೊಯ್ದು ಮಾಡಿದ ಸಿಸೇರಿಯನ್. ಎಫ್‌ಎಚ್‌ಆರ್ ಮಗುವಿನ ಎದೆಬಡಿತ, ಸಾಮಾನ್ಯವಾಗಿ ನಿಮಿಷಕ್ಕೆ 110ರಿಂದ 160. ಪಿಪಿಎಚ್ ಅಂದರೆ ಹೆರಿಗೆಯ ನಂತರ ವಿಪರೀತ ರಕ್ತ ಹೋಗುವುದು. ನನಗೆ 1,200 ಮಿಲಿ ಎಂದು ಬರೆದಿದ್ದರು, ಒಂದು ಲೀಟರ್‌ಗೂ ಜಾಸ್ತಿ.

ಎಪ್ಗಾರ್ ಅಂತ ಒಂದು ಅಂಕ ಇರುತ್ತದೆ. ಅಮೆರಿಕದ ಅರಿವಳಿಕೆ ವೈದ್ಯೆ ವರ್ಜೀನಿಯಾ ಎಪ್ಗಾರ್ 1952ರಲ್ಲಿ ಮಾಡಿದ ಕ್ರಮ. ಹುಟ್ಟಿದ ಒಂದನೇ ನಿಮಿಷಕ್ಕೆ, ಐದನೇ ನಿಮಿಷಕ್ಕೆ ಮಗುವಿನ ಬಣ್ಣ, ಎದೆಬಡಿತ, ಉಸಿರು, ಕೈಕಾಲಿನ ಬಿಗಿ, ಮುಟ್ಟಿದರೆ ಸ್ಪಂದಿಸುವುದು, ಇವಕ್ಕೆ ಎರಡೆರಡು ಅಂಕದಂತೆ ಹತ್ತಕ್ಕೆ ಎಣಿಸುತ್ತಾರೆ. ನನ್ನ ಮಗಳಿಗೆ ಮೊದಲು 4, ಆಮೇಲೆ 8. ನಾಲ್ಕು ನೋಡಿ ಬಸ್ಸಲ್ಲೇ ಅತ್ತೆ. ಆ ಹೊತ್ತಿಗೆ ಮಗುವಿಗೆ ಎಷ್ಟು ಸಹಾಯ ಬೇಕು ಅಂತ ತಿಳಿಯಲು ಇರುವ ಅಂಕ ಅದು. ಮುಂದೆ ಮಗು ಎಷ್ಟು ಬುದ್ಧಿವಂತೆ ಆಗುತ್ತದೆ ಅಂತ ಹೇಳುವ ಜಾತಕ ಅದಲ್ಲ.

ನನ್ನ ಕೆಲಸಕ್ಕೆ ಬಂದದ್ದು ಟೈಮಿನ ಕಾಲಂ. ಸಿಸೇರಿಯನ್ ಮಾಡೋಣ ಎಂದು ತೀರ್ಮಾನಿಸಿದ್ದು 4.10ಕ್ಕೆ. ಮಗು ಹೊರಗೆ ಬಂದದ್ದು 4.36ಕ್ಕೆ. ಇಪ್ಪತ್ತಾರು ನಿಮಿಷ. ನನ್ನ ಪುಸ್ತಕದಲ್ಲಿ ಎರಡು ಗಂಟೆ. ನಮ್ಮನೆಯವರನ್ನು ಕೇಳಿದರೆ "ಐದು ನಿಮಿಷ ಆಗಿರ್ಬೇಕು" ಎಂದರು. ಅಮ್ಮನ ಪ್ರಕಾರ ಅಷ್ಟೊತ್ತಿಗೆ ಬೆಳಕು ಹರಿದಿತ್ತು. ಫೆಬ್ರವರಿಯಲ್ಲಿ ನಾಲ್ಕೂವರೆಗೆ ಬೆಳಕು ಹರಿಯುತ್ತದಾ? ಯಾರೂ ಸುಳ್ಳು ಹೇಳುತ್ತಿರಲಿಲ್ಲ.

ಇನ್ನೊಂದು ಸಾಲು, 4.50ಕ್ಕೆ: "ಬೇಬಿ ಶೋನ್ ಟು ಮದರ್." ಮಗುವನ್ನು ತಾಯಿಗೆ ತೋರಿಸಿದೆ. ನನಗೆ ಅದು ನೆನಪೇ ಇಲ್ಲ.

ಡಾಕ್ಟರ ಮುಂದೆ ಕೂರುವುದು

ಓಪಿಡಿ ಸಾಲಿನಲ್ಲಿ ನಿಂತು ಇದನ್ನು ಕೇಳಲು ಆಗುವುದಿಲ್ಲ. ಫೋನ್ ಮಾಡಿ, "ಚಿಕಿತ್ಸೆಗಲ್ಲ, ಹೆರಿಗೆಯ ಬಗ್ಗೆ ಮಾತಾಡಬೇಕು, ಇಪ್ಪತ್ತು ನಿಮಿಷ ಬೇಕು" ಎಂದು ಬೇರೆ ಟೈಮ್ ಕೇಳಿ. ಫೀಸ್ ಕೊಡುತ್ತೇನೆ ಅನ್ನಿ. ಅದೇ ಡಾಕ್ಟರ್ ಸಿಗದಿದ್ದರೆ, ಅಥವಾ ಅವರ ಮುಖ ನೋಡಲು ಆಗದಿದ್ದರೆ, ಬೇರೆ ಸ್ತ್ರೀರೋಗ ತಜ್ಞರ ಹತ್ತಿರ ಆ ಹಾಳೆಗಳನ್ನು ತಗೊಂಡು ಹೋಗಿ. ಅದೂ ಆಗುತ್ತದೆ. ಗಂಡನೋ ಅಕ್ಕನೋ ಜೊತೆಗಿರಲಿ, ಬರೆದುಕೊಳ್ಳಲಿ. ನಿಮಗೆ ಅಲ್ಲಿ ಕಿವಿ ಮುಚ್ಚಿದ ಹಾಗಾಗಬಹುದು.

ನಾನು ಕೇಳಿದ್ದು ನಾಲ್ಕೇ. ಏನು ಕಾರಣಕ್ಕೆ ಹೀಗಾಯಿತು? ಬೇರೆ ಏನಾದರೂ ಮಾಡಬಹುದಿತ್ತಾ? ನನ್ನಿಂದ ಏನಾದರೂ ಆಯಿತಾ? ಮುಂದಿನ ಸಲಕ್ಕೆ ಇದರಿಂದ ಏನು?

ಡಾಕ್ಟರಮ್ಮ ಗ್ರಾಫ್ ಬಿಡಿಸಿ ತೋರಿಸಿದರು. ಮಗು ತಲೆ ಕೆಳಗೆ ಮಾಡಿಯೇ ಇತ್ತು, ಆದರೆ ಮುಖ ನನ್ನ ಬೆನ್ನಿನ ಕಡೆ ಇರುವ ಬದಲು ಹೊಟ್ಟೆಯ ಕಡೆ ಇತ್ತು. ಹಾಗಿದ್ದರೆ ತಲೆ ಸುಲಭಕ್ಕೆ ಇಳಿಯುವುದಿಲ್ಲ, ಹೆರಿಗೆ ಎಳೆಯುತ್ತದೆ. ಇಷ್ಟು ಹೊತ್ತು ದುಡಿದ ಗರ್ಭಕೋಶ ಸುಸ್ತಾಗಿ ಸರಿಯಾಗಿ ಬಿಗಿಯಲಿಲ್ಲ, ಅದಕ್ಕೇ ರಕ್ತ ಹೋಯಿತು. "ನಾನು ಮುಕ್ಕಿದ್ದು ಸಾಲಲಿಲ್ವಾ?" ಎಂದೆ. "ನೀವು ಮುಕ್ಕೋ ಹಂತಕ್ಕೇ ಬಂದಿರ್ಲಿಲ್ಲಮ್ಮ" ಎಂದರು. ಗ್ರಹಣದ ಸಾಲನ್ನೂ ಓದಿದೆ. ನಗಲಿಲ್ಲ ಅವರು. ಇಂಥದ್ದನ್ನು ದಿನಾ ಕೇಳುತ್ತೇನೆ ಎಂದರು. ಏಳು ಸಾಲಲ್ಲಿ ಆರನ್ನು ಅಲ್ಲೇ ಹೊಡೆದು ಹಾಕಿದೆ. ಏಳನೆಯದು ಮನೆಯಿಂದ ಎರಡು ಗಂಟೆ ತಡವಾಗಿ ಹೊರಟದ್ದು. "ಅದರಿಂದ ವ್ಯತ್ಯಾಸ ಆಗ್ತಿತ್ತು ಅಂತ ಹೇಳೋಕಾಗಲ್ಲ, ಆಗ್ತಿರ್ಲಿಲ್ಲ ಅಂತಾನೂ ಹೇಳೋಕಾಗಲ್ಲ" ಎಂದರು. ಆ ಉತ್ತರಕ್ಕೇ ಅವರ ಮೇಲೆ ನಂಬಿಕೆ ಬಂದದ್ದು.

ಮಗುವನ್ನು ತೋರಿಸಿದ ಸಾಲಿನ ಬಗ್ಗೆಯೂ ಕೇಳಿದೆ. ಮಗು ಹುಟ್ಟಿದ ಮೇಲೆ ನನಗೆ ಮಿಡಜೋಲಂ ಎಂಬ ಔಷಧ ಕೊಟ್ಟಿದ್ದರು. ಅದು ನೆನಪನ್ನೇ ಅಳಿಸಬಲ್ಲದು. ತೋರಿಸಿರಬಹುದು. ಆದರೆ ಎಷ್ಟೋ ಕಡೆ ಈ ಸಾಲನ್ನು ರೂಢಿಯಂತೆ ಬರೆಯುತ್ತಾರೆ ಎಂಬುದೂ ನನಗೆ ಆಮೇಲೆ ತಿಳಿಯಿತು. ಆಸ್ಪತ್ರೆಯ ಪುಸ್ತಕವೇನು ದೇವರು ಬರೆದದ್ದಲ್ಲ. ಲೆಕ್ಕದಲ್ಲಿ ಎಲ್ಲಿಗೂ ಹೊಂದದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಮುಂದಕ್ಕೆ ಹೋಗುತ್ತೇವೆ. ಈ ಸಾಲನ್ನೂ ಅಲ್ಲಿಗೇ ಹಾಕಿದ್ದೇನೆ. ಇವತ್ತಿಗೂ ಅಲ್ಲೇ ಇದೆ.

ದಾಖಲೆಯಲ್ಲಿ ಇಲ್ಲದ್ದು

ನಲವತ್ತಮೂರು ಹಾಳೆಯಲ್ಲಿ ಒಂದು ಮಾತು ಮಾತ್ರ ಎಲ್ಲೂ ಇರಲಿಲ್ಲ. ರಾತ್ರಿ ಎರಡರ ಹೊತ್ತಿಗೆ ನಾನು ಕಿರುಚಿದಾಗ ಲೇಬರ್ ರೂಮಿನಲ್ಲಿದ್ದ ಒಬ್ಬಾಕೆ ಅಂದ ಮಾತು: "ಆವಾಗ ಚೆನ್ನಾಗಿತ್ತಾ? ಈಗ್ಯಾಕೆ ಕೂಗ್ತೀಯ?" ಇದನ್ನು ಓದುವ ಎಷ್ಟೋ ಹೆಂಗಸರಿಗೆ ಈ ಮಾತಿನ ಒಂದಲ್ಲ ಒಂದು ರೂಪ ಗೊತ್ತಿರುತ್ತದೆ. ಕೊಯ್ದದ್ದು ಮರೆತೆ. ಇದನ್ನು ಮರೆತಿಲ್ಲ.

ಬೈಗುಳ, ಹೊಡೆತ, ಕೇಳದೇ ಮಾಡಿದ ಪರೀಕ್ಷೆ ಇವೆಲ್ಲ "ಹೆರಿಗೆಯಲ್ಲಿ ಇದ್ದದ್ದೇ" ಅಲ್ಲ. ದೂರು ಕೊಡಬೇಕೆನ್ನಿಸಿದರೆ ಮೊದಲು ಆಸ್ಪತ್ರೆಯ ಮೇಲಿನವರಿಗೆ ಬರಹದಲ್ಲಿ ಕೊಡಿ. ಖಾಸಗಿ ಆಸ್ಪತ್ರೆಗಳ ಮೇಲೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲೆಯಲ್ಲೇ ಒಂದು ಪ್ರಾಧಿಕಾರ ಇದೆ, ಜಿಲ್ಲಾಧಿಕಾರಿ ಅದರ ಮುಖ್ಯಸ್ಥರು. ಕೊಡಲೇಬೇಕು ಅಂತ ನಾನು ಹೇಳುವುದಿಲ್ಲ. ದೂರಿನ ಹಿಂದೆ ಓಡಾಡಲು ಶಕ್ತಿ ಬೇಕು, ಹಾಲು ಕುಡಿಸುವ ತಾಯಿಗೆ ಅದು ಎಲ್ಲಿಂದ ಬರಬೇಕು. ನಾನು ಒಂದು ಪುಟದ ಪತ್ರ ಬರೆದು ಡಾಕ್ಟರಮ್ಮನ ಕೈಗೆ ಕೊಟ್ಟೆ. ನನ್ನ ಮುಂದೆಯೇ ಓದಿದರು, "ತಪ್ಪಾಯ್ತು" ಎಂದರು. ನನಗೆ ಬೇಕಿದ್ದದ್ದು ಆ ಒಂದು ಮಾತು.

ಗಂಡಸರ ಪುಸ್ತಕ

ಹೆರಿಗೆಯಲ್ಲಿ ಅಪ್ಪಂದಿರಿಗೆ ಏನಾಯಿತು ಅಂತ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ ಸಿಟ್ಟಿತ್ತು. ನಾನು ಅಲ್ಲಿ ಮಲಗಿದ್ದಾಗ ಇವರು ಹೊರಗೆ ಆರಾಮಾಗಿ ನಿಂತಿದ್ದರು ಅಂತ.

ಕೇಸ್ ಶೀಟಿನ ಹನ್ನೊಂದನೇ ಹಾಳೆ ಒಪ್ಪಿಗೆ ಪತ್ರ. ಕೆಳಗೆ ಅವರ ಸಹಿ. ಸಹಿ ನೋಡುವುದು ನನ್ನ ದಿನದ ಕೆಲಸ. ಚೆಕ್ಕಿನ ಸಹಿ ಅರ್ಧ ಎಳೆ ತಪ್ಪಿದರೂ ಗೊತ್ತಾಗುತ್ತದೆ. ಆ ಸಹಿ ನಮ್ಮನೆಯವರದಾಗಿರಲಿಲ್ಲ. ಅಂದರೆ ಅವರದೇ, ಆದರೆ ಮೊದಲ ಎರಡಕ್ಷರ ಆದ ಮೇಲೆ ಪೆನ್ನು ಕೆಳಕ್ಕೆ ಜಾರಿತ್ತು. ಹೆಸರು ಪೂರ್ತಿ ಆಗಿರಲಿಲ್ಲ. ಬ್ಯಾಂಕಿನಲ್ಲಾಗಿದ್ದರೆ ಅಂಥ ಸಹಿಯ ಚೆಕ್ ವಾಪಸ್.

ಅವತ್ತು ರಾತ್ರಿ ಅವರಿಗೆ ಹಾಳೆ ತೋರಿಸಿ, "ರೀ, ಇದೇನು?" ಎಂದೆ. ಸುಮ್ಮನೆ ನೋಡಿದರು. ಎದ್ದು ಹೋಗಿ ಮೋಟರ್ ಆಫ್ ಮಾಡಿ ಬಂದರು. ಹೇಳಲಿಲ್ಲ. ಎರಡು ದಿನ ಬಿಟ್ಟು ಬೈಕಿನಲ್ಲಿ ಹೋಗುವಾಗ, ಮುಖ ಮುಂದಕ್ಕೆ ಇದ್ದಾಗ, ತಾನಾಗಿಯೇ ಶುರು ಮಾಡಿದರು. ಬ್ಲಡ್ ಬ್ಯಾಂಕಿಗೆ ಹೋದದ್ದು, ಅಲ್ಲಿ ಎಬ್ಬಿಸಲು ಬಾಗಿಲು ಬಡಿದದ್ದು, ಐಸ್ ಇದ್ದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಬಂದದ್ದು, ದಾರಿಯುದ್ದ ಅದು ಅಲುಗಾಡದ ಹಾಗೆ ಎರಡೂ ಕೈಯಲ್ಲಿ ಒತ್ತಿ ಹಿಡಿದದ್ದು. ಅಲುಗಾಡಿದರೆ ಕೆಟ್ಟುಹೋಗುತ್ತದೆ ಅಂದುಕೊಂಡಿದ್ದರಂತೆ. ಯಾರ ಹತ್ತಿರವೂ ಹೇಳಿರಲಿಲ್ಲ. ಅವರಿಗೂ ಎಂಟು ತಿಂಗಳಿಂದ ನಿದ್ದೆ ಸರಿ ಇರಲಿಲ್ಲ.

ಹಾಗಾಗಿ, ಗಂಡನನ್ನು ಎದುರು ಕೂರಿಸಿಕೊಂಡು ಪ್ರಶ್ನೆ ಕೇಳಬೇಡಿ. ಬೈಕಿನ ಮೇಲೆ, ತೋಟದಲ್ಲಿ, ಬಟ್ಟೆ ಮಡಿಚುವಾಗ ಕೇಳಿ. "ನೀವು ಎಲ್ಲಿದ್ರಿ ಆಗ?" ಅಂತ ಕೇಳಿದರೆ ತಪ್ಪು ಹುಡುಕಿದ ಹಾಗೆ ಕೇಳಿಸುತ್ತದೆ. "ನಿಮಗೆ ಏನು ನೆನಪಿದೆ?" ಅನ್ನಿ. ಅವರು ಹೇಳುವಾಗ ನಿಮ್ಮ ಲೆಕ್ಕದಿಂದ ತಿದ್ದಬೇಡಿ. ಅಪ್ಪಂದಿರೇ ಇದನ್ನು ಓದುತ್ತಿದ್ದರೆ, ನೀವೂ ಹದಿನೈದು ನಿಮಿಷ ಬರೆಯಿರಿ. ಆಪ್ತಸಮಾಲೋಚನೆ ನಿಮಗೂ ಇದೆ.

ಅಂದಹಾಗೆ ಅಮ್ಮನನ್ನೂ ಕೇಳಿದೆ. ಅಮ್ಮ ಥಿಯೇಟರ್ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದಳಂತೆ, ಒಳಗೆ ದೇವರ ಕೋಣೆ ಇರುವ ಹಾಗೆ. ಯಾಕೆ ಅಂದರೆ ಅವಳಿಗೇ ಗೊತ್ತಿಲ್ಲ.

ಜನ ಹೇಳುವ ಮಾತಿಗೆ

"ಮಗು ಚೆಂದಾಗೈತೆ, ನೀನು ಚೆಂದಾಗಿದ್ದೀಯ, ಇನ್ನೇನವ್ವ?" ನೂರು ಸಲ ಕೇಳುತ್ತೀರಿ. ಹೇಳುವವರಿಗೆ ಕೆಟ್ಟ ಮನಸ್ಸಿರುವುದಿಲ್ಲ. ವಾದ ಮಾಡಿದರೆ ನಾವೇ ಕೃತಘ್ನರ ಹಾಗೆ ಕಾಣುತ್ತೇವೆ. ನಾನು ಒಂದು ಉತ್ತರ ಇಟ್ಟುಕೊಂಡೆ: "ಹೂಂ, ಮಗು ಚೆನ್ನಾಗಿದೆ. ನನಗೆ ಇನ್ನೂ ಸ್ವಲ್ಪ ಟೈಮ್ ಬೇಕು." ಅಷ್ಟೇ, ಮುಂದೆ ಮಾತಿಲ್ಲ. "ಈಗಿನ ಹುಡ್ಗೀರಿಗೆ ನೋವು ತಡ್ಕೊಳ್ಳೋಕಾಗಲ್ಲ, ಅದಕ್ಕೇ ಸಿಸೇರಿಯನ್" ಅನ್ನುವವರಿಗೆ ಉತ್ತರ ಕೊಡುವ ಕೆಲಸ ಗಂಡನದು. ಅವರ ಕಡೆಯವರಿಗಂತೂ ಅವರೇ ಹೇಳಬೇಕು.

ಮಗುವನ್ನು ಕಳೆದುಕೊಂಡವರಿಗೆ ಈ ಮಾತನ್ನೂ ಯಾರೂ ಹೇಳುವುದಿಲ್ಲ, ಎಲ್ಲರೂ ದಾರಿ ಬದಲಿಸುತ್ತಾರೆ. ಆ ದುಃಖದ ಬಗ್ಗೆ ನಾನು ಬರೆಯಲಾರೆ. ದಾಖಲೆ ಕೇಳುವ, ಡಾಕ್ಟರ ಮುಂದೆ ಕೂರುವ ಹಕ್ಕು ಅವರಿಗೂ ಅಷ್ಟೇ ಇದೆ ಎಂಬುದು ಮಾತ್ರ ನೆನಪಿರಲಿ.

ನಾವೇ ನಾವು ಸಾಲದಾದಾಗ

ಹಾಳೆಗಳನ್ನೆಲ್ಲ ತಾಳೆ ಹಾಕಿದ ಮೇಲೂ ನನಗೆ ಸ್ಪಿರಿಟ್ ವಾಸನೆಗೆ ಕೈ ನಡುಗುವುದು ನಿಲ್ಲಲಿಲ್ಲ. ತಿಳಿದುಕೊಂಡರೆ ಎಲ್ಲ ಹೋಗುತ್ತದೆ ಅಂದುಕೊಂಡಿದ್ದೆ. ಮೈಗೆ ತಿಳಿಯಲು ಬೇರೆ ದಾರಿ ಬೇಕಿತ್ತು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋದೆ. ಒಂದು ಹಾಳೆ ಕೊಟ್ಟರು, ಕಳೆದ ಏಳು ದಿನದ ಬಗ್ಗೆ ಹತ್ತು ಪ್ರಶ್ನೆ. ಎಡಿನ್‌ಬರೋ ಪಟ್ಟಿ ಅನ್ನುತ್ತಾರೆ, ಕನ್ನಡದಲ್ಲೂ ಇದೆ. ಹತ್ತನೆಯದು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿತ್ತಾ ಎನ್ನುವುದು. ಅದಕ್ಕೆ ನಿಜ ಬರೆಯಿರಿ.

ನನಗೆ ಔಷಧ ಬೇಕಾಗಲಿಲ್ಲ, ಆಪ್ತಸಮಾಲೋಚಕಿಯ ಹತ್ತಿರ ಆರು ಸಲ ಹೋದೆ. ಐದನೇ ಸಲ ಅವರು ಮೇಜಿನ ಮೇಲೆ ಸ್ಯಾನಿಟೈಸರ್ ಬಾಟಲಿ ಇಟ್ಟು, ಮುಚ್ಚಳ ತೆಗೆಯುವ ಕೆಲಸ ನನಗೇ ಬಿಟ್ಟರು. ಔಷಧ ಬೇಕಾದವರು ಹಾಲು ಕುಡಿಸುತ್ತೇವೆ ಅಂತ ಹೆದರಿ ಬಿಡಬೇಡಿ. ಹಾಲು ಕುಡಿಸುವಾಗಲೂ ಕೊಡಬಹುದಾದ ಔಷಧಗಳಿವೆ, ಡಾಕ್ಟರಿಗೆ ಮೊದಲೇ ತಿಳಿಸಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಈಗ ಇದೆ. ನನ್ನ ಕಾಲಕ್ಕೆ ಇರಲಿಲ್ಲ, ಶುರುವಾದದ್ದು 2022ರ ಅಕ್ಟೋಬರ್‌ನಲ್ಲಿ. ದಿನದ 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಮೂರಕ್ಕೆ ಎಚ್ಚರ ಆಗುವವರು ಈ ನಂಬರ್ ಬರೆದಿಟ್ಟುಕೊಳ್ಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಸುರಿ ಬಾಣಂತಿಯರಿಗೇ ಬೇರೆ ವಿಭಾಗ ಇದೆ. ತಾಯಿಯನ್ನು ಮಗುವಿನ ಜೊತೆಗೇ ದಾಖಲು ಮಾಡಿಕೊಳ್ಳುವ ವಾರ್ಡ್ ಅಲ್ಲಿ 2009ರಿಂದ ನಡೆಯುತ್ತಿದೆ. ಮಗುವನ್ನು ಬಿಟ್ಟು ಹೋಗಬೇಕಾಗುತ್ತದೆ ಅಂತ ಹಿಂದೇಟು ಹಾಕುವವರಿಗೆ ಇದು ಗೊತ್ತಿರಲಿ.

ಹುಟ್ಟುಹಬ್ಬ, ಮತ್ತೆ ಮುಂದಿನ ಸಲ

ಮೊದಲ ಹುಟ್ಟುಹಬ್ಬ ಹತ್ತಿರ ಬಂದಾಗ ಎಲ್ಲ ಮತ್ತೆ ಜಾಸ್ತಿ ಆಯಿತು. ಇದು ತುಂಬಾ ಜನಕ್ಕೆ ಆಗುತ್ತದೆ, ಮೊದಲೇ ತಿಳಿದಿರಿ. ಹಿಂದಿನ ರಾತ್ರಿ ನೆಂಟರನ್ನು ತುಂಬಿಕೊಳ್ಳಬೇಡಿ. ನಾವು ಕೇಕು, ಬಲೂನು ಎಲ್ಲ ಮುಂದಿನ ಭಾನುವಾರಕ್ಕೆ ಇಟ್ಟೆವು. 18ರ ಬೆಳಗಿನ ಜಾವ ನನಗೆ ಹೇಗೂ ಎಚ್ಚರ ಆಗುತ್ತದೆ ಅಂತ ಗೊತ್ತಿತ್ತು. ಇವರೂ ಎದ್ದು ಕಾಫಿ ಮಾಡಿದರು. 4.36ಕ್ಕೆ ಮಗಳು ಕಾಲು ಅಗಲ ಮಾಡಿ ಗೊರಕೆ ಹೊಡೆಯುತ್ತಿದ್ದಳು.

ಇನ್ನೊಂದು ಮಗು ಬೇಕೋ ಬೇಡವೋ, ಆಪರೇಷನ್ ನೋಟಿನ ಪ್ರತಿಯನ್ನು ಜೋಪಾನ ಮಾಡಿ. ಒಮ್ಮೆ ಸಿಸೇರಿಯನ್ ಆದವರಿಗೆ ಮುಂದೆ ಸಹಜ ಹೆರಿಗೆ ಪ್ರಯತ್ನಿಸಬಹುದಾ ಎಂಬುದು ಕೊಯ್ತ ಹೇಗಿತ್ತು, ಯಾಕೆ ಕೊಯ್ದರು ಎಂಬುದರ ಮೇಲೆ ನಿಂತಿದೆ. ರಕ್ತ ಜಾಸ್ತಿ ಹೋಗಿತ್ತು ಎಂಬುದನ್ನು ಮುಂದಿನ ಸಲ ಮೊದಲ ಭೇಟಿಯಲ್ಲೇ ಹೇಳಬೇಕು, ರಕ್ತ ಸಿದ್ಧ ಇಟ್ಟುಕೊಳ್ಳುತ್ತಾರೆ. ತಾಯಿ ಕಾರ್ಡಿನಲ್ಲಿ ಬರೆಸಿ. ಲೇಬರ್ ರೂಮಿನಲ್ಲಿ ಜೊತೆಗೆ ಒಬ್ಬರು ಇರಬಹುದಾ ಅಂತ ಕೇಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಮನೆಯ ಒಬ್ಬ ಹೆಂಗಸನ್ನು ಜೊತೆಗೆ ಬಿಡಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ.

ನಮ್ಮ ನಲವತ್ತಮೂರು ಹಾಳೆ ಈಗ ಬೀರುವಿನಲ್ಲಿ, ಲಸಿಕೆ ಕಾರ್ಡಿನ ಕೆಳಗೆ ಒಂದು ಪ್ಲಾಸ್ಟಿಕ್ ಫೈಲಿನಲ್ಲಿವೆ. ನನ್ನ ಬರಹದ ಪುಟ, ಆರು ಸಾಲು ಹೊಡೆದ ಪುಟ ಎಲ್ಲ ಅದರಲ್ಲೇ. ಮೇಲಿನ ಚೀಟಿ ಬರೆದದ್ದು ನಮ್ಮನೆಯವರು. ಮಗಳ ಹೆಸರು, ತಾರೀಖು, 4.36. ಕೆಳಗೆ ಯಾರೂ ಕೇಳದಿದ್ದರೂ ಸಹಿ ಹಾಕಿದ್ದಾರೆ, ಪೂರ್ತಿ.